ನೀಲಿ ಪೈನ್‌ಗೆ ಜಾಗ ಬಿಡಿ

ಶಿಮ್ಲಾದಿಂದ ನಾರ್ಕಂಡಾ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ಒಂದು ಬಗೆಯ ಪೈನ್ ಮರ ಕಾಣಸಿಗುತ್ತದೆ. ನೀಳವಾದ ಸೂಜಿಯೆಲೆ, ನೀಲಿ ಬೆರೆತ ಹಸಿರು. ಗಾಳಿ ಬೀಸಿದಾಗ ಎಲೆಯ ಒಳಮೈ ಬೆಳ್ಳಗೆ ಮಿಂಚುತ್ತದೆ. ಹಿಮಾಚಲದವರು ಇದನ್ನು ಕೈಲ್ ಅನ್ನುತ್ತಾರೆ. ಅವರಿಗೆ ಇದು ದಿನಬಳಕೆಯ ಮರ. ದೇವದಾರು ಸಿಗದ ಕಡೆ ಬಾಗಿಲು, ಕಿಟಕಿ, ಮಾಡಿನ ತೊಲೆ ಎಲ್ಲಕ್ಕೂ ಕೈಲ್. ಉದುರಿದ ಸೂಜಿಗಳನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸುತ್ತಾರೆ; ಅದೇ ಗೊಬ್ಬರವಾಗಿ ಹೊಲಕ್ಕೆ, ಸೇಬಿನ ತೋಟಕ್ಕೆ ಹೋಗುತ್ತದೆ. ಇದೇ ಮರವನ್ನು ಇಂಗ್ಲೆಂಡಿನ ಹಳೆಯ ದೊಡ್ಡಮನೆಗಳ ತೋಟದಲ್ಲಿ, ವಿಶಾಲ ಹುಲ್ಲುಹಾಸಿನ ನಡುವೆ ಒಂಟಿಯಾಗಿ ನಿಲ್ಲಿಸಿ, ‘ಭೂತಾನ್ ಪೈನ್’ ಎಂದು ಫಲಕ ಹಾಕಿ ಮೆರೆಸುತ್ತಾರೆ. ಸಸ್ಯವಿಜ್ಞಾನದಲ್ಲಿ ಇದರ ಹೆಸರು ಪೈನಸ್ ವಾಲಿಚಿಯಾನಾ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತೋಟಕ್ಕೆ ಯೋಗ್ಯವಾದ ಗಿಡಗಳಿಗೆಂದೇ ಕೊಡುವ ಪುರಸ್ಕಾರ ಇದಕ್ಕೆ ಸಂದಿದೆ.

ದೊಡ್ಡ ತೋಟ ಇರುವವರು ನೆಡಬಹುದಾದ ಎತ್ತರದ ಪೈನ್‌ಗಳಲ್ಲಿ ಇದಕ್ಕಿಂತ ಚೆಲುವಾದದ್ದು ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಬೆಳೆಸುವುದೂ ಕಷ್ಟವಲ್ಲ. ಆದರೆ ಮುಕ್ಕಾಲು ಪಾಲು ಕೆಲಸ ನೆಡುವ ದಿನವೇ ಮುಗಿದುಹೋಗುತ್ತದೆ. ಎಲ್ಲಿ ನೆಟ್ಟಿರಿ, ಎಷ್ಟು ಎಳೆಯದನ್ನು ನೆಟ್ಟಿರಿ ಎಂಬ ಎರಡು ಮಾತಿನ ಮೇಲೆ ಮರದ ಮುಂದಿನ ನೂರು ವರ್ಷ ನಿಂತಿದೆ. ಆಮೇಲೆ ಎಷ್ಟು ನೀರು, ಗೊಬ್ಬರ, ಔಷಧ ಹಾಕಿದರೂ ಆ ಎರಡರಲ್ಲಿ ಆದ ತಪ್ಪನ್ನು ತಿದ್ದಲು ಬರುವುದಿಲ್ಲ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದನ್ನು ಬೆಳೆಸುವ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಕೈಲ್‌ಗೆ ಚಳಿಗಾಲದ ನಿದ್ದೆ ಬೇಕು, ನಮ್ಮ ಡಿಸೆಂಬರ್ ಅದಕ್ಕೆ ಸಾಲದು. ನಮ್ಮ ನರ್ಸರಿಗಳಲ್ಲಿ ‘ಕ್ರಿಸ್‌ಮಸ್ ಟ್ರೀ’ ಎಂದು ಮಾರುವುದೂ, ಲಾಲ್‌ಬಾಗ್‌ನಲ್ಲಿ ಗೋಪುರದಂತೆ ನಿಂತಿರುವುದೂ ಅರಾಕೇರಿಯಾ. ಅದರ ತವರು ದಕ್ಷಿಣ ಪೆಸಿಫಿಕ್‌ನ ದ್ವೀಪಗಳು, ಕುಟುಂಬವೇ ಬೇರೆ. ಸಿನಿಮಾ ಹಾಡುಗಳಲ್ಲಿ ನೋಡಿ ನಮಗೆ ಪರಿಚಯವಾದ ಊಟಿ, ಕೊಡೈಕೆನಾಲ್‌ನ ಪೈನ್ ತೋಪುಗಳೂ ಹೊರಗಿನಿಂದ ತಂದು ನೆಟ್ಟವೇ. ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲುಗಳಲ್ಲಿ ಹೀಗೆ ನೆಟ್ಟ ಪೈನ್, ವಾಟಲ್, ನೀಲಗಿರಿ ಮರಗಳು ಆ ಹುಲ್ಲುಗಾವಲುಗಳನ್ನೇ ನುಂಗಿಹಾಕಿವೆ. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಕೋನಿಫರ್, ಅಂದರೆ ಪೈನ್ ಸೇರಿದ ವರ್ಗದ ಮರ, ಒಂದೇ ಒಂದು: ಪಶ್ಚಿಮಘಟ್ಟದ ಮಳೆಕಾಡಿನ ನಾಗಿಯಾ ವಾಲಿಚಿಯಾನಾ. ಅದರ ಎಲೆ ಸೂಜಿಯಲ್ಲ, ಅಗಲ. ಪೈನ್ ಅಂತೂ ಇಲ್ಲಿ ಹುಟ್ಟಿದ ಮರವಲ್ಲ.

ಹಾಗಾದರೆ ಕನ್ನಡದಲ್ಲಿ ಈ ಮರದ ಮಾತು ಯಾಕೆ? ನಮ್ಮವರು ಈಗ ಎಲ್ಲೆಲ್ಲೋ ಇದ್ದಾರೆ ಎನ್ನುವುದಕ್ಕೆ. ಸಿಯಾಟಲ್ ಸುತ್ತಮುತ್ತ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಲ್ಲಿ, ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಕಾಲು ಎಕರೆ, ಅರ್ಧ ಎಕರೆ ಹಿತ್ತಲಿನ ಮನೆ ಕೊಂಡ ಕನ್ನಡಿಗರು ಸಾಕಷ್ಟಿದ್ದಾರೆ. ಅಲ್ಲೆಲ್ಲ ಈ ಹಿಮಾಲಯದ ಮರ ಚೆನ್ನಾಗಿ ಬರುತ್ತದೆ. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿಯನ್ನು ತಡೆದುಕೊಳ್ಳುತ್ತದೆ. ಡಲ್ಲಾಸ್‌ನ ಸುಣ್ಣದ ಮಣ್ಣಿಗೂ ಬಿಸಿಲಿಗೂ ಇದು ಒಗ್ಗುವುದಿಲ್ಲ. ಮಿನ್ನೆಸೋಟದ ಚಳಿ ಇದಕ್ಕೂ ಮೀರಿದ್ದು. ಅಲ್ಲಿರುವವರು ಆ ರಾಜ್ಯದ ವೃಕ್ಷವೇ ಆದ ಕೆಂಪು ಪೈನನ್ನು ನೆಡಲಿ. ಅದೂ ಎತ್ತರದ, ಗಟ್ಟಿ ಜೀವದ ಮರವೇ.

ಮರವನ್ನು ಗುರುತಿಸುವುದು ಸುಲಭ. ಒಂದು ಕಡ್ಡಿಯಿಂದ ಎಲೆಯ ಒಂದು ಗೊಂಚಲನ್ನು ಕಿತ್ತು ಅಂಗೈ ಮೇಲಿಟ್ಟು ಎಣಿಸಿ. ಹಿಮಾಲಯದ ಕೆಳಗಿನ ಬೆಟ್ಟಗಳಲ್ಲಿ ಬೆಳೆಯುವ ಚೀರ್ ಪೈನ್‌ಗೆ ಗೊಂಚಲಿಗೆ ಮೂರು ಸೂಜಿ. ಕಿನ್ನೌರಿನ ಒಣ ಕಣಿವೆಗಳಲ್ಲಿ ಬೆಳೆದು ಚಿಲ್ಗೋಜಾ ಬೀಜ ಕೊಡುವ ಪೈನ್‌ಗೂ ಮೂರೇ. ಕೈಲ್‌ಗೆ ಐದು. ಒಂದೊಂದೂ ಒಂದು ಗೇಣಿನಷ್ಟು ಅಥವಾ ತುಸು ಕಡಿಮೆ ಉದ್ದ, ಮೆತ್ತಗೆ, ಬಾಗಿದರೂ ಮುರಿಯದು. ಐದನ್ನೂ ಒಟ್ಟು ಸೇರಿಸಿ ಬೆರಳಲ್ಲಿ ಹಿಡಿದರೆ ಒಂದು ಪೂರ್ತಿ ಉರುಟು ಕಡ್ಡಿಯಾಗುತ್ತದೆ. ಹೊರಮೈ ಹಸಿರು, ಗುಂಡಗೆ. ಒಳಗಿನ ಎರಡು ಮೈಗಳು ಚಪ್ಪಟೆ. ಅವುಗಳ ಉದ್ದಕ್ಕೂ ಬಿಳಿಯ ಸಣ್ಣ ಗೆರೆಗಳು. ಎಲೆ ಉಸಿರಾಡುವ ರಂಧ್ರಗಳ ಸಾಲು ಅದು, ಮೇಲೆ ಮೇಣದ ಪುಡಿ. ದೂರದಿಂದ ಮರ ನೀಲಿಯಾಗಿ ಕಾಣುವುದು ಈ ಬಿಳಿ ಗೆರೆಗಳಿಂದ. ನೀರು ಹೆಚ್ಚು ಆವಿಯಾಗದಂತೆ ಕಾಯುವುದೂ ಇದೇ ಮೇಣ. ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗದ ತಿಂಗಳುಗಳಲ್ಲಿ ಎಲೆ ಹಸಿರಾಗಿ ಉಳಿಯಬೇಕೆಂದರೆ ಹೀಗೆ ಬಿಗಿಯಾಗಿರಲೇಬೇಕು. ಮರದೊಳಗಿನ ನೀರಿನ ನಾಳಗಳೂ ತೀರ ಸಪೂರ. ಹೆಪ್ಪುಗಟ್ಟಿ ಕರಗುವಾಗ ಏಳುವ ಗಾಳಿಗುಳ್ಳೆಗಳು ಸಪೂರ ನಾಳದಲ್ಲಿ ಚಿಕ್ಕದಾಗಿಯೇ ಉಳಿದು ಮತ್ತೆ ನೀರಲ್ಲಿ ಕರಗಿಹೋಗುತ್ತವೆ. ಅಗಲ ನಾಳದ ಮರಗಳಿಗೆ ಈ ಅನುಕೂಲ ಇಲ್ಲ.

ಹಿಮಾಲಯದಲ್ಲಿ ಇದರ ಹರವು ಅಫ್ಘಾನಿಸ್ತಾನದ ಪೂರ್ವದಿಂದ ಕಾಶ್ಮೀರ, ಹಿಮಾಚಲ, ಉತ್ತರಾಖಂಡ, ನೇಪಾಳ, ಭೂತಾನ್ ದಾಟಿ ಚೀನಾದ ಯುನ್ನಾನ್‌ವರೆಗೆ. ಪಶ್ಚಿಮ ಹಿಮಾಲಯದಲ್ಲಿ ಸುಮಾರು 1,800 ಮೀಟರ್ ಎತ್ತರದಿಂದ ಮೇಲಕ್ಕೆ ಇದರ ರಾಜ್ಯ. ಅದಕ್ಕೆ ಕೆಳಗೆ ಚೀರ್. ಕೈಲ್ ಬಿಸಿಲಿನ ಮರ. ಗುಡ್ಡ ಕುಸಿದು ಬರಿದಾದ ಇಳಿಜಾರು, ಉಳುಮೆ ಬಿಟ್ಟ ಹೊಲ, ಬೆಂಕಿ ಬಿದ್ದ ಜಾಗ ಇಂಥಲ್ಲೆಲ್ಲ ಮೊದಲು ಬಂದು ಬೇರೂರುವುದು ಇದೇ. ದೊಡ್ಡ ಮರದ ನೆರಳಿನಡಿ ಇದರ ಸಸಿ ಸೊರಗುತ್ತದೆ. ತೋಟದಲ್ಲಿ ಇದಕ್ಕೆ ಜಾಗ ಆರಿಸುವವರು ಇದೊಂದನ್ನು ನೆನಪಿಟ್ಟರೆ ಅರ್ಧ ಗೆದ್ದ ಹಾಗೆ. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ, ಮಳೆ ನೀರು ನಿಲ್ಲದೆ ಇಳಿದುಹೋಗುವ ನೆಲವೇ ಬೇಕು.

ಈ ಮರ ಯುರೋಪಿಗೆ ಹೋದದ್ದು ಕಲ್ಕತ್ತೆಯ ದಾರಿಯಾಗಿ. ಡೆನ್ಮಾರ್ಕ್‌ನ ವೈದ್ಯ ನಥಾನಿಯಲ್ ವಾಲಿಕ್ 1807ರಲ್ಲಿ ಬಂಗಾಳದ ಸೆರಾಂಪುರಕ್ಕೆ ಬಂದರು. ಅದು ಆಗ ಡೇನ್‌ರ ವಸಾಹತು. ಮರುವರ್ಷ ಬ್ರಿಟಿಷರು ಊರನ್ನು ವಶಪಡಿಸಿಕೊಂಡಾಗ ಸೆರೆಯಾದರು. ಸಸ್ಯಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆಯೇ ಬಿಡುಗಡೆಗೆ ದಾರಿಯಾಯಿತು. ಮುಂದೆ 1817ರಿಂದ 1846ರವರೆಗೆ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದರು. 1820ರ ಹೊತ್ತಿಗೆ ನೇಪಾಳಕ್ಕೆ ಹೋಗಿ ಗಿಡಗಳನ್ನು ಸಂಗ್ರಹಿಸಿದರು. ಸುಮಾರು 1823ರಲ್ಲಿ ಈ ಪೈನ್‌ನ ಬೀಜ ಇಂಗ್ಲೆಂಡಿನಲ್ಲಿ ಬೇರುಬಿಟ್ಟಿತ್ತು. ಇದರ ‘ವಾಲಿಚಿಯಾನಾ’ ಎಂಬ ಹೆಸರು ವಾಲಿಕ್ ಅವರದೇ. ಚೀರ್ ಪೈನ್‌ಗೆ ಇರುವುದು ಅದೇ ಉದ್ಯಾನದ ಹಿಂದಿನ ಮುಖ್ಯಸ್ಥ ವಿಲಿಯಂ ರಾಕ್ಸ್‌ಬರ್ಗ್ ಹೆಸರು. ಬೆಟ್ಟದವರು ತಲೆಮಾರುಗಳಿಂದ ಕಡಿದು, ನೆಟ್ಟು, ಕಾಪಾಡಿಕೊಂಡು ಬಂದ ಮರಗಳಿಗೆ ಕಂಪನಿ ಸರ್ಕಾರದ ಅಧಿಕಾರಿಗಳ ಹೆಸರು ಅಂಟಿದ ಕಾಲ ಅದು.

ಯುರೋಪಿನಲ್ಲಿ ಕೈಲ್ ನೆಲೆಯೂರಲು ಚೆಲುವಿನ ಜೊತೆಗೆ ಇನ್ನೊಂದು ಕಾರಣವಿತ್ತು. ಅದಕ್ಕೂ ಮೊದಲು ಅಲ್ಲಿ ಹೆಚ್ಚಾಗಿ ನೆಡುತ್ತಿದ್ದ ಐದು ಸೂಜಿಯ ಪೈನ್ ಎಂದರೆ ಅಮೆರಿಕದಿಂದ ಬಂದ ವೇಮತ್ ಪೈನ್. ಬೇಗ ಬೆಳೆಯುವ, ನೇರ ಕಾಂಡದ ಒಳ್ಳೆಯ ಮರ. ಅದಕ್ಕೆ ಏಷ್ಯಾ ಮೂಲದ ತುಕ್ಕುರೋಗವೊಂದು ಅಂಟಿಕೊಂಡಿತು. ಈ ಶಿಲೀಂಧ್ರದ ಬದುಕು ಎರಡು ಗಿಡಗಳಲ್ಲಿ ಹಂಚಿಹೋಗಿದೆ: ಅರ್ಧ ಆಯಸ್ಸು ಪೈನ್‌ನ ತೊಗಟೆಯಲ್ಲಿ, ಉಳಿದರ್ಧ ಕರ‍್ರಂಟ್, ಗೂಸ್‌ಬೆರಿ ಪೊದೆಗಳ ಎಲೆಯಲ್ಲಿ. ಪೈನ್‌ನಿಂದ ಪೈನ್‌ಗೆ ನೇರವಾಗಿ ಹರಡಲಾರದು. 1900ರ ಆಸುಪಾಸಿನಲ್ಲಿ ಯುರೋಪಿನ ನರ್ಸರಿಗಳಿಂದ ತರಿಸಿದ ಸಸಿಗಳ ಜೊತೆ ರೋಗ ಅಮೆರಿಕಕ್ಕೂ ಹೋಗಿ ವೇಮತ್ ಪೈನ್‌ನ ತವರುಕಾಡನ್ನೇ ಹಿಡಿಯಿತು. ಕಾಡು ಉಳಿಸಲು ಅಲ್ಲಿ ಕರ‍್ರಂಟ್ ಪೊದೆಗಳನ್ನು ಕಿತ್ತು ಸುಟ್ಟರು, ಬೆಳೆಯುವುದನ್ನೇ ನಿಷೇಧಿಸಿದರು. 1912ರ ಅಮೆರಿಕದ ಸಸ್ಯ ದಿಗ್ಬಂಧನ ಕಾಯ್ದೆಯ ಹಿಂದೆ ಈ ರೋಗದ ಭಯವಿತ್ತು. ಏಷ್ಯಾದ ಕೈಲ್ ಈ ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಹಾಗಾಗಿ ವೇಮತ್ ಪೈನ್ ಸೋತ ಕಡೆ ತೋಟಗಾರರು ಕೈಲ್ ನೆಟ್ಟರು, ತಳಿವಿಜ್ಞಾನಿಗಳು ಎರಡನ್ನೂ ಕೂಡಿಸಿ ರೋಗ ತಾಳುವ ಮಿಶ್ರತಳಿಗೆ ಪ್ರಯತ್ನಿಸಿದರು. ಕೂಡುವಿಕೆ ತಾನಾಗಿಯೂ ಆಗುತ್ತದೆ. ಇಂಗ್ಲೆಂಡಿನ ವೆಸ್ಟನ್‌ಬರ್ಟ್ ವೃಕ್ಷೋದ್ಯಾನದಲ್ಲಿ ಕೈಲ್ ಮತ್ತು ಮೆಕ್ಸಿಕೊದ ಬಿಳಿ ಪೈನ್ ಹತ್ತಿರ ಹತ್ತಿರ ಇದ್ದವು. ಅವುಗಳ ಪರಾಗ ಬೆರೆತು ಹೊಸದೊಂದು ಮರವೇ ಹುಟ್ಟಿತು. ಹೋಲ್ಫೋರ್ಡ್ ಪೈನ್ ಎಂದು ಅದಕ್ಕೆ ಆ ತೋಟದ ಒಡೆಯರ ಮನೆತನದ ಹೆಸರಿಟ್ಟರು.

ಇನ್ನು ನೆಡುವ ಮಾತು. ತವರಿನಲ್ಲಿ ಈ ಮರ ನೂರೈವತ್ತು ಅಡಿ ಮುಟ್ಟಬಲ್ಲದು. ತೋಟದಲ್ಲಿ ಅಷ್ಟಾಗದಿದ್ದರೂ ಎಂಬತ್ತು, ತೊಂಬತ್ತು ಅಡಿಗೆ ಸಿದ್ಧರಾಗಿರಬೇಕು. ಅಗಲವೂ ಮೂವತ್ತು ಅಡಿ ದಾಟುತ್ತದೆ. ಎಲ್ಲರೂ ಎತ್ತರವನ್ನು ಲೆಕ್ಕ ಹಾಕುತ್ತಾರೆ, ಅಗಲವನ್ನು ಮರೆಯುತ್ತಾರೆ. ಕಾಡಿನಲ್ಲಿ ಒತ್ತೊತ್ತಾಗಿ ಬೆಳೆದ ಕೈಲ್ ಕೆಳಗಿನ ರೆಂಬೆಗಳನ್ನೆಲ್ಲ ಕಳೆದುಕೊಂಡು ಕಂಬವಾಗುತ್ತದೆ. ಬಯಲಲ್ಲಿ ಒಂಟಿಯಾಗಿ ನಿಂತದ್ದು ಮಾತ್ರ ನೆಲದವರೆಗೂ ರೆಂಬೆ ಇಳಿಬಿಟ್ಟು, ತುದಿಗಳನ್ನು ಮತ್ತೆ ಮೇಲಕ್ಕೆ ಎತ್ತಿಕೊಂಡು ನಿಲ್ಲುತ್ತದೆ. ಈ ಮರವನ್ನು ತೋಟದಲ್ಲಿ ನೆಡುವುದೇ ಆ ಕೆಳರೆಂಬೆಗಳ ಸೊಗಸಿಗೆ. ಓಡಾಡಲು ಅಡ್ಡ, ಹುಲ್ಲು ಕತ್ತರಿಸಲು ಅಡ್ಡ ಎಂದು ಅವನ್ನು ಸವರಿಬಿಟ್ಟರೆ ಆ ರೆಂಬೆ ಮತ್ತೆ ಎಂದೂ ಬರುವುದಿಲ್ಲ. ಆದ್ದರಿಂದ ಮನೆ, ಬೇಲಿ, ಕರೆಂಟ್ ತಂತಿ, ಪಕ್ಕದವರ ಗೋಡೆ ಎಲ್ಲದರಿಂದ ಐವತ್ತು ಅಡಿ ದೂರ ಬಿಡಿ ಎನ್ನುತ್ತೇನೆ. ಅಷ್ಟು ಜಾಗ ಇಲ್ಲದವರು ಬೇರೆ ಮರ ಹುಡುಕಲಿ. ಇಪ್ಪತ್ತು ವರ್ಷದ ಮರವನ್ನು ಕಿಟಕಿಗೆ ಕತ್ತಲೆಯಾಯಿತೆಂದು ಕಡಿಸುವುದಕ್ಕಿಂತ ಅದು ಮೇಲು.

ಗಾಳಿಯದೂ ಲೆಕ್ಕ ಇದೆ. ಕೈಲ್ ಚಳಿಗೆ ಹೆದರುವುದಿಲ್ಲ, ಆದರೆ ಒಣ ಕೊರೆಗಾಳಿ ಸತತ ಬೀಸುವ ಕಡೆ ಸೂಜಿಗಳ ತುದಿ ಕಂದುತ್ತದೆ. ಒದ್ದೆ ಹಿಮ ದಪ್ಪಗೆ ಕೂತರೆ ಉದ್ದ ರೆಂಬೆ ಮುರಿಯುವುದೂ ಉಂಟು. ಗಾಳಿ ಬರುವ ದಿಕ್ಕಿಗೆ ದೂರದಲ್ಲಿ ಬೇರೆ ಮರಗಳ ಸಾಲಿದ್ದರೆ ಒಳ್ಳೆಯದು. ಸುಣ್ಣದ ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಎಲೆ ಹಳದಿಯಾಗಿ ಮರ ಬೇಗ ಮುಪ್ಪಾಗುತ್ತದೆ. ಹುಳಿ ಅಥವಾ ಸಮ ಗುಣದ, ಮರಳು ಬೆರೆತ ಮಣ್ಣು ಇದಕ್ಕೆ ಹಿತ. ಊರಿನ ಹೊಗೆಯನ್ನು ಮಾತ್ರ ಇತರ ಹಲವು ಕೋನಿಫರ್‌ಗಳಿಗಿಂತ ಚೆನ್ನಾಗಿ ಸಹಿಸುತ್ತದೆ.

ನರ್ಸರಿಗೆ ಹೋದಾಗ ಆಳೆತ್ತರದ ಗಿಡವೇ ಕಣ್ಣಿಗೆ ಬೀಳುವುದು, ಅದನ್ನೇ ಕೊಳ್ಳಲು ಮನಸ್ಸಾಗುವುದು. ಕೊಳ್ಳಬೇಡಿ. ಮೊಣಕಾಲೆತ್ತರದ, ಒಂದೂವರೆ ಎರಡು ಅಡಿಯ ಸಸಿಯೇ ಸರಿಯಾದ ಆಯ್ಕೆ. ಪೈನ್ ಬೇರು ಕುಂಡದಲ್ಲಿ ಹೆಚ್ಚು ದಿನ ಇದ್ದರೆ ಗೋಡೆಗೆ ತಾಗಿ ಸುತ್ತತೊಡಗುತ್ತದೆ. ನೆಲಕ್ಕೆ ಇಳಿಸಿದ ಮೇಲೂ ಆ ಸುತ್ತು ಬಿಡದೆ, ಹತ್ತಾರು ವರ್ಷವಾದಾಗ ಬುಡವನ್ನೇ ಬಿಗಿದು, ಒಂದು ಬಿರುಗಾಳಿಗೆ ಮರ ಉರುಳುತ್ತದೆ. ಸಸಿಯನ್ನು ಕುಂಡದಿಂದ ಹೊರಗೆಳೆದು ಬೇರು ನೋಡಿಯೇ ದುಡ್ಡು ಕೊಡಿ. ಸಣ್ಣ ಸಸಿ ನೆಟ್ಟ ಮೂರನೆಯ ವರ್ಷದಿಂದ ಓಟ ಶುರುಮಾಡುತ್ತದೆ. ಒಳ್ಳೆಯ ಜಾಗದಲ್ಲಿ ವರ್ಷಕ್ಕೆ ಎರಡು ಅಡಿ ಏರುವುದು ಇದಕ್ಕೆ ಸಹಜ. ಅದೇ ಹೊತ್ತಿಗೆ ಪಕ್ಕದಲ್ಲಿ ನೆಟ್ಟ ಆಳೆತ್ತರದ ಗಿಡ ಇನ್ನೂ ಬೇರು ಸರಿಮಾಡಿಕೊಳ್ಳುತ್ತಿರುತ್ತದೆ.

ಗುಣಿ ಆಳ ಬೇಡ, ಅಗಲ ಬೇಕು. ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ ತೋಡಿ, ಕಾಂಡ ಬೇರಾಗಿ ಕವಲೊಡೆಯುವ ಜಾಗ ನೆಲದ ಮಟ್ಟಕ್ಕೇ ಬರುವಂತೆ ಕೂರಿಸಬೇಕು. ಅದನ್ನು ಹೂತರೆ ಬುಡ ಕೊಳೆಯುತ್ತದೆ. ತೆಂಗು, ಮಾವು ನೆಟ್ಟು ಅಭ್ಯಾಸವಾದ ನಮ್ಮ ಕೈ ಗುಣಿಗೆ ಗೊಬ್ಬರ ಸುರಿಯಲು ಹೋಗುತ್ತದೆ. ಇಲ್ಲಿ ಅದು ಬೇಡ. ತೆಗೆದ ಮಣ್ಣನ್ನೇ ತುಂಬಿ, ಮೇಲೆ ಪೈನ್ ಸೂಜಿ ಅಥವಾ ತೊಗಟೆಚೂರಿನ ಹೊದಿಕೆ ಹಾಕಿ. ಹೊದಿಕೆ ಕಾಂಡಕ್ಕೆ ತಾಗದಿರಲಿ. ಮೊದಲ ಎರಡು ಮೂರು ಬೇಸಿಗೆ ವಾರಕ್ಕೊಮ್ಮೆ ಬೇರಿಗೆ ಇಳಿಯುವಷ್ಟು ನೀರು ಕೊಟ್ಟರೆ ಸಾಕು. ಊರುಗೋಲು ಕಟ್ಟುವ ಆತುರವೂ ಬೇಡ. ಗಾಳಿಗೆ ಅಲುಗಿದಷ್ಟೂ ಕಾಂಡ ಬುಡದಲ್ಲಿ ದಪ್ಪವಾಗುತ್ತದೆ, ಬೇರು ಬಿಗಿಯಾಗುತ್ತದೆ.

ಗೊಬ್ಬರಕ್ಕಿಂತ ಪೈನ್‌ಗೆ ಬೇಕಾದ್ದು ಮಣ್ಣಿನ ಶಿಲೀಂಧ್ರ. ಪೈನ್‌ನ ಎಳೆಬೇರುಗಳ ಮೇಲೆ ಶಿಲೀಂಧ್ರದ ಎಳೆಗಳು ಕವಚದಂತೆ ಹಬ್ಬಿ, ಮಣ್ಣಿನ ದೂರದೂರಕ್ಕೆ ಚಾಚಿಕೊಂಡು, ರಂಜಕವನ್ನೂ ನೀರನ್ನೂ ಹೀರಿ ತಂದುಕೊಡುತ್ತವೆ. ಮರ ಬದಲಿಗೆ ತಾನು ಮಾಡಿದ ಸಕ್ಕರೆ ಕೊಡುತ್ತದೆ. ಈ ಜೊತೆಗಾರ ಇಲ್ಲದಿದ್ದರೆ ಪೈನ್ ಏಳುವುದೇ ಇಲ್ಲ. ಕೆರಿಬಿಯನ್‌ನ ಪೋರ್ಟೊ ರಿಕೊ ದ್ವೀಪದಲ್ಲಿ ಅರಣ್ಯಾಧಿಕಾರಿಗಳು ವರ್ಷಗಟ್ಟಲೆ ಪೈನ್ ಬೀಜ ಬಿತ್ತಿದರು. ಮೊಳಕೆ ಬರುತ್ತಿತ್ತು, ಗೇಣುದ್ದವಾಗಿ ಹಳದಿಗಟ್ಟಿ ಸಾಯುತ್ತಿತ್ತು. ಗೊಬ್ಬರ ಹಾಕಿದರೂ ಅಷ್ಟೇ. 1950ರ ದಶಕದಲ್ಲಿ ಅಮೆರಿಕದ ಪೈನ್ ಕಾಡಿನ ನೆಲದಿಂದ ಮಣ್ಣು ತರಿಸಿ ಸಸಿಗಳ ಬುಡಕ್ಕೆ ಬೆರೆಸಿದಾಗ ಅವು ಕಡುಹಸಿರಾಗಿ ಎದ್ದುನಿಂತವು. ಮಣ್ಣು ಬೆರೆಸದೆ ಬಿಟ್ಟವು ಹಾಗೆಯೇ ಕುಗ್ಗಿದವು. ನಿಮ್ಮ ಬೀದಿಯಲ್ಲಿ ಆಗಲೇ ಪೈನ್ ಮರಗಳಿದ್ದರೆ ಈ ಚಿಂತೆ ಇಲ್ಲ, ಶಿಲೀಂಧ್ರದ ಬೀಜಾಣು ಗಾಳಿಯಲ್ಲೇ ಬರುತ್ತದೆ. ಮಳೆಗಾಲದ ಕೊನೆಗೆ ಪೈನ್ ಬುಡದಲ್ಲಿ ಅಣಬೆ ಏಳುವುದನ್ನು ಕಂಡು ರೋಗವೆಂದು ಗಾಬರಿಯಾಗಿ ಔಷಧ ಹೊಡೆಯುವವರಿದ್ದಾರೆ. ಅವುಗಳಲ್ಲಿ ಹಲವು ಈ ಜೊತೆಗಾರರೇ ಮೇಲೆ ಬಿಟ್ಟ ಅಣಬೆಗಳು.

ಗಾಬರಿ ಹುಟ್ಟಿಸುವ ಇನ್ನೊಂದು ಸಂಗತಿ ಶರತ್ಕಾಲದಲ್ಲಿ ಒಳಗಿನ ಸೂಜಿಗಳು ಹಳದಿಯಾಗಿ ಸುರಿಯುವುದು. ನಿತ್ಯಹಸುರಿನ ಮರದ್ದೂ ಎಲೆ ಉದುರುತ್ತದೆ. ಒಂದೊಂದು ಸೂಜಿಗೆ ಎರಡು ಮೂರು ವರ್ಷದ ಆಯಸ್ಸು. ತುದಿಯ ಎಲೆ ಹಸಿರಾಗಿದ್ದು ಒಳಗಿನದು ಮಾತ್ರ ಹಣ್ಣಾದರೆ ಮರ ಆರೋಗ್ಯವಾಗಿದೆ ಎಂದರ್ಥ. ಹೊಸ ಚಿಗುರೇ ಬಾಡಿ ಕಂದಿದರೆ ಮಾತ್ರ ಬುಡದಲ್ಲಿ ನೀರು ನಿಂತಿದೆಯೇ ಎಂದು ಮೊದಲು ನೋಡಬೇಕು.

ವಸಂತದಲ್ಲಿ ರೆಂಬೆಯ ತುದಿಗಳಲ್ಲಿ ಹೊಸ ಚಿಗುರು ಮೇಣದಬತ್ತಿಗಳಂತೆ ನೆಟ್ಟಗೆ ಏಳುತ್ತದೆ. ನಡುವಿನದು ಸುಳಿ, ಅದೇ ಮುಂದಿನ ಕಾಂಡ, ಸುತ್ತಲಿನವು ರೆಂಬೆಗಳು. ಹೀಗೆ ಸಾಮಾನ್ಯವಾಗಿ ವರ್ಷಕ್ಕೊಂದು ಸುತ್ತು ರೆಂಬೆ ಬರುವುದರಿಂದ, ಎಳೆಯ ಮರದ ವಯಸ್ಸನ್ನು ಬುಡದಿಂದ ಸುತ್ತು ಎಣಿಸಿಕೊಂಡು ಹೋಗಿ ತಿಳಿಯಬಹುದು. ಎರಡು ಸುತ್ತುಗಳ ನಡುವಿನ ಅಂತರ ನೋಡಿದರೆ ಯಾವ ವರ್ಷ ಮಳೆ ಕೈಕೊಟ್ಟಿತ್ತು ಎಂಬುದೂ ಗೊತ್ತಾಗುತ್ತದೆ. ಸವರುವ ಕೆಲಸ ಈ ಮರಕ್ಕೆ ಬಹುತೇಕ ಬೇಕಿಲ್ಲ. ಎಲೆಯಿಲ್ಲದ ಹಳೆಯ ಕಟ್ಟಿಗೆಗೆ ಕತ್ತರಿ ಹಾಕಿದರೆ ಅಲ್ಲಿಂದ ಚಿಗುರು ಬರುವುದಿಲ್ಲ, ಆ ರೆಂಬೆ ಸತ್ತಂತೆಯೇ. ಒಂದು ಸಂದರ್ಭದಲ್ಲಿ ಮಾತ್ರ ಕೈ ಹಾಕಲೇಬೇಕು. ಹಿಮಕ್ಕೋ ಹಕ್ಕಿಯ ಭಾರಕ್ಕೋ ಸುಳಿ ಮುರಿದರೆ, ಅದರ ಕೆಳಗಿನ ಸುತ್ತಿನಲ್ಲಿ ಗಟ್ಟಿಯಾದ ಒಂದು ರೆಂಬೆಯನ್ನು ಆರಿಸಿ ಮೇಲಕ್ಕೆ ಬಗ್ಗಿಸಿ ಬಿದಿರಿನ ಕೋಲಿಗೆ ಸಡಿಲವಾಗಿ ಕಟ್ಟಬೇಕು, ಉಳಿದವುಗಳ ತುದಿ ಚಿವುಟಬೇಕು. ಒಂದೆರಡು ವರ್ಷದಲ್ಲಿ ಆ ರೆಂಬೆಯೇ ಸುಳಿಯಾಗುತ್ತದೆ. ಬಿಟ್ಟರೆ ಎರಡು ಮೂರು ರೆಂಬೆ ಪೈಪೋಟಿಗೆ ಎದ್ದು ಮರ ಕವೆಯಾಗುತ್ತದೆ, ದೊಡ್ಡದಾದಾಗ ಆ ಕವೆಯೇ ಸೀಳುತ್ತದೆ.

ಕಾಯಿ ಬಿಡಲು ಹಲವು ವರ್ಷ ಬೇಕು. ಬಂದ ಮೇಲೆ ಮಾತ್ರ ನೋಡುವಂಥದ್ದು: ಒಂದು ಗೇಣು ಮೀರಿದ, ತುಸು ಬಾಗಿದ ಕಾಯಿಗಳು ರೆಂಬೆಯ ತುದಿಯಿಂದ ಗೊಂಚಲಾಗಿ ತೂಗುತ್ತವೆ, ಮೈಮೇಲೆ ಬಿಳಿಯ ರಾಳ ಹನಿಗಟ್ಟಿರುತ್ತದೆ. ಪರಾಗ ತಾಗಿದ ಮರುವರ್ಷದ ಶರತ್ಕಾಲಕ್ಕೆ ಅವು ಬಲಿಯುತ್ತವೆ. ಒಣಗಿದಾಗ ಹಲ್ಲೆಗಳು ತೆರೆದು ರೆಕ್ಕೆಯ ಬೀಜ ಗಾಳಿಗೆ ಹಾರುತ್ತದೆ. ಕೈಗೆ ಅಂಟಿದ ರಾಳ ಸಾಬೂನಿಗೆ ಬಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ಉಜ್ಜಿದರೆ ಬಿಡುತ್ತದೆ. ಇದೇ ರಾಳದ ಕಾರಣಕ್ಕೆ ಕಾಳ್ಗಿಚ್ಚಿನ ಭಯವಿರುವ ಒಣ ನಾಡುಗಳಲ್ಲಿ ಮನೆಯ ಹತ್ತಿರ ಯಾವ ಪೈನನ್ನೂ ನೆಡಬಾರದು, ಉದುರಿದ ಸೂಜಿಯನ್ನು ಮಾಡಿನ ಮೇಲೆ ಉಳಿಯಗೊಡಬಾರದು.

ಬೀಜದಿಂದ ಬೆಳೆಸುವ ಉತ್ಸಾಹಿಗಳು ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಒಂದೆರಡು ತಿಂಗಳು ಫ್ರಿಜ್‌ನಲ್ಲಿಟ್ಟು ಬಿತ್ತಬೇಕು. ಚಳಿಗಾಲ ಕಳೆಯಿತೆಂದು ಬೀಜಕ್ಕೆ ಅನ್ನಿಸುವುದು ಆಗಲೇ. ಮೊಳಕೆ ನೋಡಲು ಬಲು ಚಂದ. ಅವರೆಗೆ ಎರಡೇ ಬೀಜದಳ, ಪೈನ್‌ಗೆ ಹತ್ತರ ಆಸುಪಾಸು. ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ಏಳುತ್ತದೆ, ಅದು ಕಳಚಿದಾಗ ದಳಗಳು ಸುತ್ತಲೂ ಬಿಚ್ಚಿಕೊಳ್ಳುತ್ತವೆ. ಮೊದಲ ಎಲೆಗಳು ಒಂಟಿ ಸೂಜಿಗಳು, ಐದರ ಗೊಂಚಲು ಆಮೇಲೆ. ಈ ಹಂತದಲ್ಲಿ ನೀರು ಹೆಚ್ಚಾದರೆ ಬುಡ ಕೊಳೆತು ಸಾಲುಸಾಲಾಗಿ ಮಲಗಿಬಿಡುತ್ತವೆ. ಮರಳು ಹೆಚ್ಚಿರುವ ಮಣ್ಣಿನಲ್ಲಿ, ಮೇಲ್ಮಣ್ಣು ಆರಿದ ಮೇಲಷ್ಟೇ ನೀರು ಕೊಡಬೇಕು.

ಆದರೆ ಆ ಬೀಜ ಎಲ್ಲಿಂದ ಬಂತು ಎನ್ನುವುದು ಮುಖ್ಯ. ಮನಾಲಿಗೆ ಹೋದವರು ಚೆಂದದ ಕಾಯಿ ಕಂಡು ಸೂಟ್‌ಕೇಸಿಗೆ ಹಾಕಿಕೊಂಡು ಅಮೆರಿಕದ ವಿಮಾನ ಹತ್ತುವುದು, ಸಸಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯುವುದು ದಯವಿಟ್ಟು ಬೇಡ. ವೇಮತ್ ಪೈನ್‌ಗೆ ರೋಗ ತಲುಪಿದ್ದು ಯಾರೋ ಒಳ್ಳೆಯ ಮನಸ್ಸಿನಿಂದ ತರಿಸಿದ ಸಸಿಗಳ ಜೊತೆಯಲ್ಲೇ. ಜಪಾನಿನ ಪೈನ್ ಕಾಡುಗಳನ್ನು ಒಣಗಿಸಿದ ಸೂಕ್ಷ್ಮ ಹುಳು ಉತ್ತರ ಅಮೆರಿಕದಿಂದ ಬಂದದ್ದೂ ಹೀಗೆ, ಮರದ ಜೊತೆಗೆ. ಯುರೋಪಿನ ದೇಶಗಳು ಹೊರಖಂಡದಿಂದ ಪೈನ್ ಸಸಿ ತರುವುದನ್ನು ತಡೆದಿರುವುದು, ಬೀಜಕ್ಕೂ ಆರೋಗ್ಯ ಪ್ರಮಾಣಪತ್ರ ಕೇಳುವುದು ಇಂಥ ಅನುಭವದಿಂದ. ನೀವಿರುವ ದೇಶದ ನರ್ಸರಿಯಲ್ಲೇ ಈ ಮರದ ಸಸಿ ಸಿಗುತ್ತದೆ. ಬೀಜ ಯಾವ ಎತ್ತರದ್ದು ಎಂದು ಅಲ್ಲಿ ಕೇಳಿ. ಹಿಮಾಲಯದ ಎತ್ತರದ ಇಳಿಜಾರಿನಿಂದ ಬಂದ ತಳಿ ಹೆಚ್ಚು ಚಳಿ ತಾಳುತ್ತದೆ. ಅಕ್ಟೋಬರ್‌ನಲ್ಲಿ ನೆಲ ಇನ್ನೂ ಬೆಚ್ಚಗಿರುವಾಗ ನೆಟ್ಟರೆ ಹಿಮ ಬೀಳುವುದರೊಳಗೆ ಬೇರು ಹಿಡಿದಿರುತ್ತದೆ. ಆ ಹೊತ್ತು ತಪ್ಪಿದರೆ ವಸಂತದ ಮೊದಲ ವಾರಗಳವರೆಗೆ ಕಾಯಿರಿ.